ರಟ್ಟೆ ಮೂಳೆ ಕೂಡಿತು, ಕೈ ಏಳಲಿಲ್ಲ: ಒಂದು ಪಂಜ ಕುಸ್ತಿಯ ಪ್ರಕರಣ

ರಾತ್ರಿ ಹತ್ತಕ್ಕೆ ಹೋಟೆಲ್ಲಿನ ಶಟರ್ ಅರ್ಧ ಎಳೆದು, ಟೇಬಲ್ ಒರೆಸಿ, ಹುಡುಗರು ಪಂಜ ಕುಸ್ತಿಗೆ ಕೂತಿದ್ದರು. ದಾವಣಗೆರೆಯ ಒಂದು ಬೆಣ್ಣೆ ದೋಸೆ ಹೋಟೆಲ್. ಒಂದು ಕಡೆ ದೋಸೆ ಹುಯ್ಯುವ ಹುಡುಗ, ವಯಸ್ಸು 26. ಎದುರಿಗೆ ಸಿಲಿಂಡರ್, ಹಿಟ್ಟಿನ ಡಬರಿ ಹೊರುವ ಗೆಳೆಯ. ದೋಸೆ ಹುಡುಗನೇ ಗೆಲ್ಲುತ್ತಿದ್ದ. ಇನ್ನೇನು ಮುಗಿಸಿಬಿಡೋಣ ಅಂತ ಮೈಯನ್ನೆಲ್ಲ ಎಡಕ್ಕೆ ತಿರುಗಿಸಿ ಭಾರ ಹಾಕಿದ. ಲಟಕ್ ಅಂತ ಸದ್ದಾಯಿತು. ಸುತ್ತ ನಿಂತವರು ಟೇಬಲ್ಲಿನ ಕಾಲು ಮುರಿಯಿತು ಅಂದುಕೊಂಡು ಬಗ್ಗಿ ನೋಡಿದರಂತೆ. ಮುರಿದದ್ದು ಅವನ ಬಲ ರಟ್ಟೆ.

ಅವನು ಬಿದ್ದಿಲ್ಲ, ಯಾರೂ ಹೊಡೆದಿಲ್ಲ, ಗಾಡಿ ಗುದ್ದಿಲ್ಲ. ಕೂತಲ್ಲೇ, ತನ್ನದೇ ಬಲಕ್ಕೆ, ದೇಹದ ಗಟ್ಟಿ ಮೂಳೆಗಳಲ್ಲೊಂದು ಎರಡಾಯಿತು. ನಾನು ಫಿಸಿಯೋಥೆರಪಿಸ್ಟ್. ಮೂರನೇ ದಿನದಿಂದ ಎಂಟು ತಿಂಗಳು ಈ ಕೈಯನ್ನು ನೋಡಿದ್ದೇನೆ. ಹುಡುಗನ ಒಪ್ಪಿಗೆ ಇದೆ, ಆದರೂ ಗುರುತು ಸಿಗದ ಹಾಗೆ ಒಂದೆರಡು ವಿವರ ಬದಲಿಸಿದ್ದೇನೆ.

ಮೊದಲ ಚೀಟಿ

ಆ ರಾತ್ರಿ ಅವನನ್ನು ಹತ್ತಿರದ ಒಂದು ಆಸ್ಪತ್ರೆಗೆ ಕರೆದುಕೊಂಡು ಹೋದರು. ಎಕ್ಸ್‌ರೇ ತೆಗೆದರು, ಪ್ಲಾಸ್ಟರಿನ ಪಟ್ಟಿ ಕಟ್ಟಿದರು, ನೋವಿನ ಇಂಜೆಕ್ಷನ್ ಕೊಟ್ಟರು. ಕೆಲಸ ಕೆಟ್ಟದಾಗೇನೂ ಇರಲಿಲ್ಲ. ಆದರೆ ಚೀಟಿಯಲ್ಲಿ ಇದ್ದದ್ದು ಒಂದೇ ಸಾಲು: ಬಲ ಹ್ಯೂಮರಸ್ (ರಟ್ಟೆ ಮೂಳೆ) ಮುರಿತ, ಸ್ಲ್ಯಾಬ್ (ಪ್ಲಾಸ್ಟರ್ ಪಟ್ಟಿ) ಹಾಕಿದೆ. ಮಣಿಕಟ್ಟು ಮೇಲೆ ಏಳುತ್ತದೆಯೋ ಇಲ್ಲವೋ ಎಂಬ ಮಾತೇ ಇಲ್ಲ.

ಮೂರನೇ ದಿನ ನಮ್ಮಲ್ಲಿಗೆ ಬಂದಾಗ ಅವನ ತಾಯಿ ಮೊದಲು ತೋರಿಸಿದ್ದು ರಟ್ಟೆಯನ್ನಲ್ಲ, ಅಂಗೈಯನ್ನು. "ಇದ್ಯಾಕೆ ಮೇಡಂ, ಮುರಿದಿದ್ದು ಮ್ಯಾಲೆ, ಕೈ ಹಿಂಗೆ ಜೋತು ಬಿದ್ದೈತಲ್ಲ?" ನಿಜ. ಮುಂಗೈ ನೆಟ್ಟಗಿದ್ದರೂ ಹಸ್ತ ಬಾಡಿದ ಎಲೆಯ ಹಾಗೆ ಕೆಳಕ್ಕೆ ಬಾಗಿತ್ತು. ಎತ್ತು ಅಂದರೆ ಅವನ ಹುಬ್ಬು ಏಳುತ್ತಿತ್ತು, ಹೆಗಲು ಏಳುತ್ತಿತ್ತು, ಹಸ್ತ ಮಾತ್ರ ಕದಲುತ್ತಿರಲಿಲ್ಲ. ಹೆಬ್ಬೆರಳು ಮತ್ತು ತೋರುಬೆರಳ ನಡುವೆ, ಹಸ್ತದ ಬೆನ್ನಿನ ಮೇಲೆ ಹತ್ತಿ ಸವರಿದರೆ ಗೊತ್ತೇ ಆಗುತ್ತಿರಲಿಲ್ಲ.

ಮಣಿಕಟ್ಟು, ಬೆರಳು ಮೇಲೆತ್ತಿಸುವ ರೇಡಿಯಲ್ ನರ ಕೆಲಸ ನಿಲ್ಲಿಸಿದೆ ಅನ್ನುವುದು ಸ್ಪಷ್ಟ. ಆದರೆ ಅದು ನಿಂತದ್ದು ಯಾವಾಗ? ಮೂಳೆ ಮುರಿದ ಕ್ಷಣದಲ್ಲೋ, ಸ್ಲ್ಯಾಬ್ ಹಾಕುವಾಗ ಎಳೆದಾಗಲೋ? ಮೊದಲಿನದಾದರೆ ಕಾಯಬಹುದು. ಎರಡನೆಯದಾದರೆ ಮುರಿದ ತುದಿಗಳ ನಡುವೆ ನರ ಸಿಕ್ಕಿಕೊಂಡಿರಬಹುದು ಎಂಬ ಅನುಮಾನ ಜಾಸ್ತಿ. ಈ ಪ್ರಶ್ನೆಗೆ ಉತ್ತರ ಇರಬೇಕಾದ್ದು ಆ ಚೀಟಿಯಲ್ಲಿ. ಕಟ್ಟು ಹಾಕುವ ಮೊದಲು "ಕೈ ಎತ್ತಪ್ಪ" ಅಂತ ಕೇಳಿ ಬರೆದುಕೊಳ್ಳಲು ಅರ್ಧ ನಿಮಿಷ ಸಾಕು.

ಕೊನೆಗೆ ಉತ್ತರ ಕೊಟ್ಟವನು ಸಿಲಿಂಡರ್ ಗೆಳೆಯ. ಪಾಪ, ಅವನೇ ಎಲ್ಲ ಸಲವೂ ಬೈಕಿನಲ್ಲಿ ಕರೆತರುತ್ತಿದ್ದ. "ಆಟೋದಾಗೇ ಮೇಡಂ. ಮನೆಗೆ ಫೋನ್ ಮಾಡು ಅಂತ ಮೊಬೈಲ್ ಕೊಟ್ಟೆ, ಕೈಯಿಂದ ಜಾರಿ ಬಿತ್ತು. ಆವಾಗ್ಲೇ ಹಿಂಗಿತ್ತು ಕೈ." ಅಂದರೆ ಆಸ್ಪತ್ರೆ ಮುಟ್ಟುವ ಮೊದಲೇ ನರ ಹೋಗಿತ್ತು. ಇದನ್ನು ಫೈಲಿನಲ್ಲಿ ಬರೆದುಕೊಂಡೆವು.

ಒದ್ದೆ ಬಟ್ಟೆ ಹಿಂಡಿದ ಹಾಗೆ

ಅದು ಮುರಿದದ್ದು ಹೇಗೆ ಅನ್ನುವುದಕ್ಕೆ ಮೂಳೆಯ ಆಕಾರ ಗೊತ್ತಿರಬೇಕು.

ಹೆಗಲಿನಿಂದ ಮೊಣಕೈವರೆಗೆ ಇರುವುದು ಒಂದೇ ಮೂಳೆ, ಹ್ಯೂಮರಸ್. ಮೊಣಕೈ ಕೆಳಗೆ ಎರಡಿವೆ, ಇಲ್ಲಿ ಒಂದೇ. ಮೇಲಿನ ತುದಿ ಅರ್ಧ ಚೆಂಡಿನಂತಿದೆ. ಅದು ಕೂರುವ ಹೆಗಲಿನ ಗುಳಿ ತುಂಬಾ ಚಿಕ್ಕದು, ಆಳವೂ ಇಲ್ಲ. ತಟ್ಟೆಯ ಮೇಲೆ ನಿಂಬೆಹಣ್ಣು ಇಟ್ಟ ಹಾಗೆ. ಅದಕ್ಕೇ ಕೈಯನ್ನು ಸುತ್ತಲೂ ತಿರುಗಿಸಬಹುದು, ಅದಕ್ಕೇ ಹೆಗಲು ಅಷ್ಟು ಸುಲಭವಾಗಿ ಕೀಲು ತಪ್ಪುತ್ತದೆ. ಚೆಂಡಿನ ಕೆಳಗೆ ಸಣ್ಣಗಾಗುವ ಕತ್ತಿನಲ್ಲಿ ವಯಸ್ಸಾದವರ ಮೂಳೆ ಮುರಿಯುವುದು ಜಾಸ್ತಿ. ಬಚ್ಚಲಲ್ಲಿ ಜಾರಿ ಕೈ ಊರಿದ ಅಜ್ಜಿಯರ ಎಕ್ಸ್‌ರೇ ನೋಡಿ, ಬಹಳಷ್ಟು ಅಲ್ಲೇ.

ಅಲ್ಲಿಂದ ಕೆಳಗೆ ಮೂಳೆ ಗುಂಡಗೆ ಕೊಳವೆಯಂತೆ ಬರುತ್ತದೆ. ಹೊರಮಗ್ಗುಲಿನ ನಡುಭಾಗದಲ್ಲಿ ಒಂದು ಒರಟು ಉಬ್ಬಿದೆ. ಹೆಗಲಿನ ಮೇಲೆ ತೊಪ್ಪಿಯಂತೆ ಕೂತ ಡೆಲ್ಟಾಯ್ಡ್ ಸ್ನಾಯು ಬಂದು ಹಿಡಿದುಕೊಳ್ಳುವುದು ಅಲ್ಲಿ. ಅದರ ಹಿಂಭಾಗದಲ್ಲಿ, ಒಳಗಿನಿಂದ ಹೊರಕ್ಕೆ ಓರೆಯಾಗಿ ಇಳಿಯುವ ಆಳವಿಲ್ಲದ ಒಂದು ಕಾಲುವೆ ಇದೆ. ರೇಡಿಯಲ್ ನರ ಮೂಳೆಗೆ ಒತ್ತಿಕೊಂಡು ಇಳಿಯುವುದು ಈ ದಾರಿಯಲ್ಲಿ. ಆಮೇಲೆ ಮೂಳೆ ಗುಂಡಗಿನ ಆಕಾರ ಬಿಟ್ಟು ಚಪ್ಪಟೆಯಾಗುತ್ತ ಅಗಲವಾಗುತ್ತದೆ. ತುದಿಯಲ್ಲಿ ದಾರದ ರೀಲಿನಂಥ ಒಂದು ಭಾಗ, ಪಕ್ಕದಲ್ಲೊಂದು ಗುಂಡು. ರೀಲಿನ ಮೇಲೆ ಮೊಣಕೈ ಮಡಚುತ್ತದೆ, ಗುಂಡಿನ ಮೇಲೆ ಮುಂಗೈಯ ಹೊರ ಮೂಳೆ ತಿರುಗುತ್ತದೆ. ಒಳಬದಿಯ ಗಂಟಿನ ಹಿಂದೆ ಅಲ್ನಾರ್ ನರ ಹಾಯುತ್ತದೆ. ಬಾಗಿಲಿಗೆ ಮೊಣಕೈ ತಾಗಿ ಕಿರುಬೆರಳಿನವರೆಗೂ ಕರೆಂಟ್ ಹೊಡೆದ ಹಾಗಾಗುತ್ತದಲ್ಲ, ಅದು ಇದೇ. ಅಂದರೆ ಒಂದೇ ಮೂಳೆಗೆ ಮೂರು ನರಗಳು ತಾಗಿಕೊಂಡಿವೆ: ಮೇಲೆ ಕತ್ತಿನ ಹತ್ತಿರ ಆಕ್ಸಿಲರಿ, ನಡುವೆ ರೇಡಿಯಲ್, ಕೆಳಗೆ ಅಲ್ನಾರ್.

ಈಗ ಟೇಬಲ್ಲಿಗೆ ಬನ್ನಿ. ಪಂಜ ಕುಸ್ತಿಯಲ್ಲಿ ಮೊಣಕೈ ಊರಿದ್ದೇವೆ, ಮುಂಗೈ ನೆಟ್ಟಗೆ ನಿಂತಿದೆ. ಎದುರಾಳಿ ನಮ್ಮ ಹಸ್ತವನ್ನು ಹೊರಕ್ಕೆ ತಳ್ಳಿದಾಗ ಮುಂಗೈ ಒಂದು ಸ್ಪಾನರ್ ಹಿಡಿಯಂತೆ ಕೆಲಸ ಮಾಡುತ್ತದೆ. ರಟ್ಟೆ ಮೂಳೆಯ ಕೆಳತುದಿ ಹೊರಕ್ಕೆ ತಿರುಚುತ್ತದೆ. ಅದೇ ಹೊತ್ತಿಗೆ ಎದೆಯ ದೊಡ್ಡ ಸ್ನಾಯು, ಬೆನ್ನಿನ ಅಗಲ ಸ್ನಾಯು, ಹೆಗಲ ಹಲಗೆಯ ಒಳಗಿನ ಸ್ನಾಯು, ಈ ಮೂರೂ ಸೇರಿ ಮೇಲ್ತುದಿಯನ್ನು ಒಳಕ್ಕೆ ತಿರುಗಿಸುತ್ತವೆ. ಒದ್ದೆ ಬಟ್ಟೆ ಹಿಂಡಿದ ಹಾಗೆ. ನಮ್ಮ ಹುಡುಗ ಗೆಲ್ಲುವ ಆತುರಕ್ಕೆ ಮೈಯನ್ನೂ ಎಡಕ್ಕೆ ತಿರುಗಿಸಿದ, ಹಸ್ತ ಇದ್ದಲ್ಲೇ ಉಳಿಯಿತು. ಹಿಂಡುವಿಕೆ ದುಪ್ಪಟ್ಟಾಯಿತು. ಸೋಲುವವರದ್ದು ಮಾತ್ರ ಮುರಿಯುತ್ತದೆ ಅಂದುಕೊಳ್ಳಬೇಡಿ.

ಮೂಳೆ ಭಾರ ತಡೆಯುವುದರಲ್ಲಿ ಗಟ್ಟಿ, ತಿರುಚು ತಡೆಯುವುದರಲ್ಲಿ ಅಷ್ಟಕ್ಕಷ್ಟೇ. ಮನೆಯಲ್ಲಿ ಒಂದು ಚಾಕ್‌ಪೀಸ್ ಇದ್ದರೆ ನೋಡಿ. ಬಗ್ಗಿಸಿ ಮುರಿದರೆ ಅಡ್ಡಕ್ಕೆ ನೇರವಾಗಿ ಮುರಿಯುತ್ತದೆ. ಎರಡು ತುದಿ ಹಿಡಿದು ವಿರುದ್ಧ ದಿಕ್ಕಿಗೆ ತಿರುಚಿದರೆ ಸುರುಳಿಯಾಗಿ, ಚೂಪು ತುದಿ ಬಂದು ಮುರಿಯುತ್ತದೆ. ಅವನ ಎಕ್ಸ್‌ರೇ ಆ ಎರಡನೇ ಚಾಕ್‌ಪೀಸಿನ ಹಾಗೇ ಇತ್ತು. ಗುಂಡಗಿನ ಮೂಳೆ ಚಪ್ಪಟೆಯಾಗಲು ಶುರುವಾಗುವ ಕೆಳಗಿನ ಮೂರನೇ ಒಂದು ಭಾಗದಲ್ಲಿ ಉದ್ದನೆಯ ಸುರುಳಿ ಮುರಿತ, ಒಳಮಗ್ಗುಲಲ್ಲಿ ಒಡೆದು ಬಿಟ್ಟ ಒಂದು ತುಂಡು.

ಆ ಜಾಗವೇ ನರಕ್ಕೆ ಕೆಟ್ಟ ಜಾಗ. ಹಿಂಬದಿಯಿಂದ ಬಂದ ರೇಡಿಯಲ್ ನರ ಮೊಣಕೈಯ ಹೊರಗಂಟಿಗೆ ಸುಮಾರು 10 ಸೆಂ.ಮೀ. ಮೇಲೆ ಒಂದು ದಪ್ಪ ಪರದೆಯನ್ನು ತೂರಿ ಮುಂದಕ್ಕೆ ಬರುತ್ತದೆ. ಬೇರೆ ಕಡೆ ಅದಕ್ಕೆ ಅತ್ತಿತ್ತ ಸರಿಯಲು ಜಾಗ ಇದೆ, ಇಲ್ಲಿ ಇಲ್ಲ. ಮೂಳೆಯ ಚೂಪು ತುದಿ ಸರಿದರೆ ನರ ತಪ್ಪಿಸಿಕೊಳ್ಳಲಾರದು. ಈ ಬಗೆಯ ಮುರಿತವನ್ನು ಹೋಲ್‌ಸ್ಟೈನ್ ಮತ್ತು ಲೂಯಿಸ್ ಎಂಬ ಇಬ್ಬರು 1963ರಲ್ಲಿ ವಿವರಿಸಿದರು, ಇವತ್ತಿಗೂ ಅವರ ಹೆಸರಲ್ಲೇ ಕರೆಯುತ್ತೇವೆ.

ಸತ್ತದ್ದು ಯಾವುದು, ಬದುಕಿದ್ದು ಯಾವುದು

ಪರೀಕ್ಷೆಯಲ್ಲಿ ಎರಡು ವಿಷಯ ಮೋಸ ಮಾಡುತ್ತವೆ. ಹೊಸ ವಿದ್ಯಾರ್ಥಿಗಳು ಇಲ್ಲಿ ಎಡವುತ್ತಾರೆ, ನಾನೂ ಎಡವಿದ್ದೇನೆ.

ಒಂದು, ಮೊಣಕೈ ನೆಟ್ಟಗೆ ಮಾಡುವ ಟ್ರೈಸೆಪ್ಸ್ ಸ್ನಾಯುವಿಗೂ ರೇಡಿಯಲ್ ನರವೇ. ಆದರೆ ಅದಕ್ಕೆ ಹೋಗುವ ಕೊಂಬೆಗಳು ಬಹಳ ಮೇಲೆಯೇ ಕವಲೊಡೆದು ಹೋಗಿರುತ್ತವೆ. ಹಾಗಾಗಿ ಮುರಿತ ಕೆಳಗಿದ್ದರೆ ಟ್ರೈಸೆಪ್ಸ್ ಬಿಗಿಯುತ್ತಲೇ ಇರುತ್ತದೆ. ಅದು ಬಿಗಿಯಿತು ಅಂತ ನರ ಸರಿಯಿದೆ ಅನ್ನಬಾರದು. ಎರಡು, ಹಸ್ತಕ್ಕೆ ನನ್ನ ಕೈ ಆಸರೆ ಕೊಟ್ಟು "ಬೆರಳು ಬಿಡಿಸು" ಅಂದರೆ ಬೆರಳಿನ ತುದಿಗಳು ನೆಟ್ಟಗಾಗುತ್ತವೆ. ಅದನ್ನು ಮಾಡುವುದು ಅಂಗೈಯೊಳಗಿನ ಸಣ್ಣ ಸ್ನಾಯುಗಳು, ಅವು ಬಹುಪಾಲು ಅಲ್ನಾರ್ ನರದ್ದು. ನೋಡಬೇಕಾದ್ದು ಬೆರಳು ಹಸ್ತಕ್ಕೆ ಸೇರುವ ಬುಡದ ಗೆಣ್ಣು. ಅದು ಅವನಲ್ಲಿ ಏಳುತ್ತಿರಲಿಲ್ಲ.

ಅವನ ದೊಡ್ಡ ದೂರು ಬೇರೆಯೇ ಇತ್ತು: "ಮುಷ್ಟಿ ಕಟ್ಟೋಕೆ ಬರ್ತೈತೆ, ಆದ್ರೆ ಬಲಾನೇ ಇಲ್ಲ ಮೇಡಂ." ಮುಷ್ಟಿ ಕಟ್ಟುವ ನರಗಳು ಬೇರೆ, ಅವಕ್ಕೆ ಏನೂ ಆಗಿಲ್ಲ. ಹಾಗಾದರೆ ಬಲ ಎಲ್ಲಿ ಹೋಯಿತು? ನೀವೇ ಮಾಡಿ ನೋಡಿ. ಮಣಿಕಟ್ಟನ್ನು ಪೂರ್ತಿ ಕೆಳಕ್ಕೆ ಬಗ್ಗಿಸಿ, ಹಾಗೇ ಇಟ್ಟುಕೊಂಡು ಗಟ್ಟಿಯಾಗಿ ಮುಷ್ಟಿ ಕಟ್ಟಿ. ಆಗುವುದಿಲ್ಲ, ಅಲ್ವಾ? ಮಣಿಕಟ್ಟು ಸ್ವಲ್ಪ ಮೇಲಕ್ಕೆ ಎದ್ದಿದ್ದರೆ ಮಾತ್ರ ಬೆರಳು ಮಡಚುವ ಸ್ನಾಯುಗಳಿಗೆ ಬಿಗಿ ಸಿಗುತ್ತದೆ. ಸೌಟು ತುಂಬ ಹಿಟ್ಟು ಎತ್ತುವುದು, ಕಾವಲಿಯ ಮೇಲೆ ಸುತ್ತು ಹಾಕುವುದು, ಸಟ್ಟುಗ ಒಳಗೆ ತೂರಿಸುವುದು, ಎಲ್ಲವೂ ಆ ಎದ್ದ ಮಣಿಕಟ್ಟಿನ ಕೆಲಸ.

ಆಪರೇಷನ್ ಬೇಕಾ ಬೇಡವಾ

ಮನೆಯವರಲ್ಲಿ ಎರಡು ಪಕ್ಷ. ಸೋದರಮಾವನಿಗೆ ನಾಟಿ ಕಟ್ಟು ಹಾಕಿಸಬೇಕು. ಅಣ್ಣನಿಗೆ ಇವತ್ತೇ ಪ್ಲೇಟ್ ಹಾಕಿಸಿ, ನರ ಬಿಚ್ಚಿ ನೋಡಿಸಬೇಕು. ನಮ್ಮ ಆರ್ಥೋ ಡಾಕ್ಟರು ಇಬ್ಬರಿಗೂ ಬೇಡ ಅಂದರು.

ಹೋಲ್‌ಸ್ಟೈನ್ ಮತ್ತು ಲೂಯಿಸ್ ತಮ್ಮ ಕಾಲದಲ್ಲಿ ಇಂಥವರಿಗೆ ಆಪರೇಷನ್ನೇ ಸರಿ ಅಂದಿದ್ದರು. ಆಮೇಲಿನ ಅನುಭವ ಬೇರೆ ಹೇಳಿತು. 2005ರಲ್ಲಿ ಪ್ರಕಟವಾದ ಒಂದು ವಿಮರ್ಶೆ ಹಳೆಯ ವರದಿಗಳನ್ನೆಲ್ಲ ಒಟ್ಟು ಹಾಕಿ 4,517 ಹ್ಯೂಮರಸ್ ಮುರಿತಗಳನ್ನು ನೋಡಿತು. ಅದರಲ್ಲಿ 532 ಜನರಿಗೆ, ಅಂದರೆ ನೂರಕ್ಕೆ ಸುಮಾರು 12 ಜನರಿಗೆ, ರೇಡಿಯಲ್ ನರ ಕೈಕೊಟ್ಟಿತ್ತು. ಅವರಲ್ಲಿ ನೂರಕ್ಕೆ 88 ಜನ ಚೇತರಿಸಿಕೊಂಡರು, ಬಹುಪಾಲು ತಾವಾಗಿಯೇ. ಚರ್ಮ ಸೀಳಿ ಮೂಳೆ ಹೊರಬಂದಿದ್ದರೆ, ರಕ್ತನಾಳ ಹರಿದಿದ್ದರೆ ಮಾತು ಬೇರೆ. ಇವನಿಗೆ ಎರಡೂ ಇರಲಿಲ್ಲ. ನರ ಜಜ್ಜಿಹೋಗಿದೆ, ಆದರೆ ತುಂಡಾಗಿರುವ ಸಾಧ್ಯತೆ ಕಡಿಮೆ. ವೈರಿನ ಲೆಕ್ಕದಲ್ಲಿ ಹೇಳುವುದಾದರೆ, ಒಳಗಿನ ತಾಮ್ರದ ಎಳೆ ಕಡಿದಿರಬಹುದು, ಮೇಲಿನ ಪ್ಲಾಸ್ಟಿಕ್ ಹಾಗೇ ಇದೆ. ನರಕ್ಕೆ ಆ ಕೊಳವೆ ಉಳಿದಿದ್ದರೆ ಒಳಗಿನ ಎಳೆ ಮತ್ತೆ ಬೆಳೆದುಕೊಂಡು ಬರುತ್ತದೆ, ದಿನಕ್ಕೆ ಸುಮಾರು 1 ಮಿ.ಮೀ.

ಮೂಳೆಗೆ ಬ್ರೇಸ್. ಕೊಲಂಬಿಯಾದಲ್ಲಿ ಹುಟ್ಟಿ ಅಮೆರಿಕದಲ್ಲಿ ಕೆಲಸ ಮಾಡಿದ ಆಗಸ್ಟೊ ಸಾರ್ಮಿಯೆಂಟೊ 1977ರಲ್ಲಿ ಇದನ್ನು ವಿವರಿಸಿದರು. ಎರಡು ಪ್ಲಾಸ್ಟಿಕ್ ದೊಪ್ಪೆಗಳು, ವೆಲ್ಕ್ರೋ ಪಟ್ಟಿ, ಅಷ್ಟೇ. ಹೆಗಲೂ ಬಿಟ್ಟಿದೆ, ಮೊಣಕೈಯೂ ಬಿಟ್ಟಿದೆ. ಮೊದಲ ಸಲ ನೋಡಿದವರಿಗೆ ಇದೇನು ಮೂಳೆ ಹಿಡಿದೀತು ಅನ್ನಿಸುತ್ತದೆ. ಹಿಡಿಯುವುದು ಪ್ಲಾಸ್ಟಿಕ್ ಅಲ್ಲ. ಸುತ್ತಲಿನ ಮಾಂಸವನ್ನು ಅದು ಒತ್ತಿ ಹಿಡಿಯುತ್ತದೆ, ಮಾಂಸ ಮೂಳೆಯನ್ನು ಹಿಡಿಯುತ್ತದೆ, ಕೈಯ ಭಾರ ಕೆಳಕ್ಕೆ ಎಳೆದು ನೆಟ್ಟಗೆ ಮಾಡುತ್ತದೆ. ಈ ಮೂಳೆಗೆ ಚೆನ್ನಾಗಿ ಒಪ್ಪುವ ಉಪಾಯ ಇದು. ತೊಡೆಯ ಮೂಳೆ ಮೈಭಾರ ಹೊರಬೇಕು, ಅಲ್ಲಿ ಸೊಟ್ಟ ನಡೆಯುವುದಿಲ್ಲ. ರಟ್ಟೆ ಮೂಳೆ ನೇತಾಡುವ ಮೂಳೆ. ಪಕ್ಕಕ್ಕೆ 30 ಡಿಗ್ರಿ, ಮುಂದಕ್ಕೆ 20 ಡಿಗ್ರಿ ಬಾಗಿ ಕೂಡಿಕೊಂಡರೂ ಕೈ ಕೆಲಸಕ್ಕೆ ಅಡ್ಡಿಯಿಲ್ಲ. ಮೇಲಿನ ಕೀಲು ಎಲ್ಲ ದಿಕ್ಕಿಗೂ ತಿರುಗುವುದರಿಂದ ಆ ಸೊಟ್ಟವನ್ನು ಅದೇ ನುಂಗಿಕೊಳ್ಳುತ್ತದೆ.

ಪ್ಲೇಟ್ ಹಾಕುವುದು ತಪ್ಪು ಅಂತಲ್ಲ. ಸಾರ್ಮಿಯೆಂಟೊ ತಂಡ 2000ನೇ ಇಸವಿಯಲ್ಲಿ ಬ್ರೇಸ್ ಹಾಕಿದ 620 ಜನರ ಲೆಕ್ಕ ಕೊಟ್ಟಿತು. ಚರ್ಮ ಒಡೆಯದ ಮುರಿತಗಳಲ್ಲಿ ಮೂಳೆ ಕೂಡದೇ ಹೋದದ್ದು ನೂರಕ್ಕೆ ಎರಡಕ್ಕಿಂತ ಕಡಿಮೆ. ಆದರೆ 2020ರಲ್ಲಿ ಪ್ರಕಟವಾದ ಫಿನ್ಲೆಂಡಿನ 82 ಜನರ ಅಧ್ಯಯನದಲ್ಲಿ, ವರ್ಷದ ಕೊನೆಗೆ ಆಪರೇಷನ್, ಬ್ರೇಸ್ ಎರಡೂ ಗುಂಪಿನ ಕೈ ಹೆಚ್ಚುಕಡಿಮೆ ಒಂದೇ ಇದ್ದರೂ, ಬ್ರೇಸ್ ಹಾಕಿಸಿಕೊಂಡವರಲ್ಲಿ ನೂರಕ್ಕೆ 30ರಷ್ಟು ಜನ ಆಮೇಲೆ ಆಪರೇಷನ್ ಮಾಡಿಸಿಕೊಂಡಿದ್ದರು. ನನಗನ್ನಿಸುವುದು, ಬ್ರೇಸ್ ಅಗ್ಗದ ಚಿಕಿತ್ಸೆ ಅಲ್ಲ. ಪಟ್ಟಿ ಬಿಗಿ ಮಾಡುವವರು, ವಾರವಾರ ಕರೆದು ನೋಡುವವರು ಇಲ್ಲದಿದ್ದರೆ ಅದು ಬರೀ ಪ್ಲಾಸ್ಟಿಕ್.

ದಿಂಬಿನ ಎಡವಟ್ಟು

12ನೇ ದಿನ ಊತ ಇಳಿದ ಮೇಲೆ ಬ್ರೇಸ್ ಹಾಕಿದೆವು. ಮಣಿಕಟ್ಟು ಎತ್ತಿ ಹಿಡಿಯುವ ಸ್ಪ್ಲಿಂಟ್ ಬೇರೆ. ಕೊರಳಿಂದ ಮಣಿಕಟ್ಟಿಗೆ ಮಾತ್ರ ಪಟ್ಟಿ, ಮೊಣಕೈ ನೇತಾಡಬೇಕು. ಮಲಗುವುದೂ ಒರಗಿ ಕೂತೇ. ಇಷ್ಟು ಹೇಳಿ ಕಳಿಸಿದೆ.

ಐದನೇ ವಾರದ ಎಕ್ಸ್‌ರೇಯಲ್ಲಿ ಮೂಳೆ 24 ಡಿಗ್ರಿ ಪಕ್ಕಕ್ಕೆ ಬಾಗಿತ್ತು. ಅದಕ್ಕೂ ಹಿಂದಿನದರಲ್ಲಿ 14. ಏನಾಯ್ತು ಅಂತ ಎಷ್ಟು ಕೇಳಿದರೂ ಹುಡುಗ ಏನೂ ಮಾಡಿಲ್ಲ ಅಂದ. ತಾಯಿಯನ್ನು "ಮನೇಲಿ ಹೇಗೆ ಕೂರ್ತಾನೆ ತೋರಿಸಿ" ಅಂದೆ. ಅವರು ಕುರ್ಚಿ ಎಳೆದು, ನಮ್ಮ ಬೆಂಚಿನ ಮೇಲಿದ್ದ ದಿಂಬು ತೆಗೆದು, ಎಷ್ಟು ಅಚ್ಚುಕಟ್ಟಾಗಿ ಮಗನ ಮೊಣಕೈ ಕೆಳಗೆ ಇಟ್ಟರು ಅಂದರೆ, ನನಗೆ ಬೈಯುವುದಕ್ಕೂ ಆಗಲಿಲ್ಲ. "ನೇತಾಡಿದ್ರೆ ನೋವಾಗಲ್ವಾ ಮೇಡಂ ಅದಕ್ಕೆ?" ದಿನಕ್ಕೆ ನಾಲ್ಕೈದು ತಾಸು ಟಿವಿ ಮುಂದೆ ಹಾಗೇ ಕೂರಿಸುತ್ತಿದ್ದರು. ದಿಂಬು ಮೊಣಕೈಯನ್ನು ಮೇಲಕ್ಕೆ ನೂಕುತ್ತಿತ್ತು, ಮುರಿದ ಜಾಗ ಹೊರಕ್ಕೆ ಬಾಗುತ್ತಿತ್ತು.

ತಪ್ಪು ನನ್ನದೂ ಹೌದು. "ಮೊಣಕೈ ನೇತಾಡಲಿ" ಅಂದಿದ್ದೆ, ಯಾಕೆ ಅಂತ ಹೇಳಿರಲಿಲ್ಲ. ಆವತ್ತು ಒಂದು ದಾರಕ್ಕೆ ಬೀಗ ಕಟ್ಟಿ ತೋರಿಸಿದೆ. ನೇತಾಡಿದರೆ ದಾರ ನೇರ, ಬೀಗದ ಕೆಳಗೆ ಕೈ ಕೊಟ್ಟರೆ ದಾರ ಸಡಿಲಾಗಿ ಬಾಗುತ್ತದೆ. ಅವರಿಗೆ ತಕ್ಷಣ ಅರ್ಥವಾಯಿತು. ಎಂಟನೇ ವಾರಕ್ಕೆ ಬಾಗು 17ಕ್ಕೆ ಇಳಿದಿತ್ತು. ಎಲುಬು ಇನ್ನೂ ಹಸಿ ಇದ್ದದ್ದು ನಮ್ಮ ಪುಣ್ಯ.

ಚುಕ್ಕೆಗಳು

ನರದ ಕಡೆ ಮಾಡುವ ಕೆಲಸ ಕಡಿಮೆ, ಕಾಯುವುದೇ ಜಾಸ್ತಿ. ನಾಲ್ಕನೇ ವಾರ ಇಎಂಜಿ (ಸ್ನಾಯುವಿನ ವಿದ್ಯುತ್ ಪರೀಕ್ಷೆ) ಮಾಡಿಸಿದರು. ಅದಕ್ಕಿಂತ ಮೊದಲು ಮಾಡಿದರೆ ಸುಮ್ನೆ ದುಡ್ಡು ದಂಡ, ಸ್ನಾಯುವಿನಲ್ಲಿ ನರ ಸತ್ತ ಗುರುತು ಕಾಣಲು ಎರಡು ಮೂರು ವಾರ ಬೇಕು. ವರದಿ ನಾವು ಅಂದುಕೊಂಡಂತೆಯೇ ಇತ್ತು.

ಆಮೇಲೆ ನನ್ನ ಹತ್ತಿರ ಇದ್ದ ಸಾಧನ ಒಂದು ಬೆರಳು, ಒಂದು ಬಾಲ್‌ಪೆನ್. ನರದ ದಾರಿಯಲ್ಲಿ ಕೆಳಗಿನಿಂದ ಮೇಲಕ್ಕೆ ಮೆತ್ತಗೆ ತಟ್ಟುತ್ತ ಹೋಗುವುದು. ಎಳೆ ಬೆಳೆದು ಬಂದ ತುದಿಯ ಮೇಲೆ ಬೆರಳು ಬಿದ್ದಾಗ ಹಸ್ತದ ಬೆನ್ನಿನವರೆಗೂ ಜುಮ್ ಅನ್ನುತ್ತದೆ. ಟೀನೆಲ್ ಚಿಹ್ನೆ ಅನ್ನುತ್ತಾರೆ ಇದಕ್ಕೆ. ಜುಮ್ ಅಂದಲ್ಲಿ ಚುಕ್ಕೆ ಇಟ್ಟು, ಹೊರಗಂಟಿನಿಂದ ಎಷ್ಟು ದೂರ ಅಂತ ಅಳೆದು ಬರೆದುಕೊಳ್ಳುತ್ತಿದ್ದೆ. ಚುಕ್ಕೆ ತಿಂಗಳಿಗೆ ಎರಡೂವರೆ, ಮೂರು ಸೆಂ.ಮೀ. ಕೆಳಗೆ ಇಳಿಯುತ್ತಿತ್ತು.

12ನೇ ವಾರ ಎಕ್ಸ್‌ರೇಯಲ್ಲಿ ಮೂಳೆಯ ಸುತ್ತ ಒಳ್ಳೆ ಗಂಟು ಕಟ್ಟಿತ್ತು. ಒತ್ತಿದರೆ ನೋವಿಲ್ಲ, ಅಲ್ಲಾಡಿಸಿದರೆ ಕದಲಿಕೆ ಇಲ್ಲ. ಮೂಳೆ ಕೂಡಿದೆ, ಬ್ರೇಸ್ ತೆಗೆಯಿರಿ ಅಂದರು ಡಾಕ್ಟರು. ಬ್ರೇಸ್ ಬಿಚ್ಚಿದ ಮೇಲೆ ಹುಡುಗ ಕೈ ನೋಡಿಕೊಂಡ. ಹಸ್ತ ಮೊದಲ ದಿನದ ಹಾಗೇ ಜೋತಿತ್ತು. "ಕೂಡೈತೆ ಅಂತೀರಿ, ಇದು ಏಳವಲ್ದು" ಅಂದು ಅತ್ತುಬಿಟ್ಟ. ಎಲ್ಲ ಸರಿಹೋಯಿತು ಅನ್ನುವ ಮಾತನ್ನು ಎಕ್ಸ್‌ರೇ ತೋರಿಸಿ ಹೇಳಬಾರದು ಅಂತ ಆವತ್ತು ಅನ್ನಿಸಿತು.

ಲೆಕ್ಕ ಬರೆದು ತೋರಿಸಿದೆ. ಮುರಿದ ಜಾಗದಿಂದ ಮೊದಲು ಏಳಬೇಕಾದ ಸ್ನಾಯುವಿಗೆ ಸುಮಾರು 7 ಸೆಂ.ಮೀ. ದಿನಕ್ಕೆ 1 ಮಿ.ಮೀ. ಅಂದರೆ 70 ದಿನ. ಎಳೆ ಹೊರಡುವ ಮೊದಲಿನ ಎರಡು ಮೂರು ವಾರ ಸೇರಿಸಿದರೆ ಹದಿಮೂರನೇ ವಾರದ ಆಸುಪಾಸು. ನಾಲ್ಕು ತಿಂಗಳಿಗೂ ಏನೂ ಕಾಣದಿದ್ದರೆ ನರ ಬಿಚ್ಚಿ ನೋಡುವುದು ಅಂತ ಡಾಕ್ಟರೂ ಗಡುವು ಹಾಕಿದ್ದರು.

14ನೇ ವಾರ. ಹೆಬ್ಬೆರಳು ಮೇಲೆ ಮಾಡಿ ಮೊಣಕೈ ಮಡಚು, ನನ್ನ ಕೈಗೆ ವಿರುದ್ಧ ಎತ್ತು ಅಂದೆ. ಮೊಣಕೈ ಮಡಿಕೆಯ ಹೊರಬದಿಯಲ್ಲಿ ಚರ್ಮದಡಿ ಒಂದು ಎಳೆ ಬಿಗಿದು ಕಾಣಿಸಿತು, ಗಿಟಾರ್ ತಂತಿಯಷ್ಟು. ಬ್ರೇಕಿಯೋರೇಡಿಯಾಲಿಸ್ ಅನ್ನುವ ಸ್ನಾಯು. ರೇಡಿಯಲ್ ನರ ಈ ದಾರಿಯಲ್ಲಿ ಮೊದಲು ಮುಟ್ಟುವ ಮನೆ ಅದು. ಇನ್ನೊಂದು ಸಲ ಮಾಡಿಸಿದೆ, ಮತ್ತೆ ಬಂತು. ಗೆಳೆಯನನ್ನು ಕರೆದು ಅವನ ಬೆರಳನ್ನೂ ಅಲ್ಲಿ ಇಡಿಸಿದೆ.

ಅಲ್ಲಿಂದ ಮುಂದೆ ಕ್ರಮ ತಪ್ಪಲಿಲ್ಲ. ನಾಲ್ಕೂವರೆ ತಿಂಗಳಿಗೆ ಮಣಿಕಟ್ಟು ಭೂಮಿಯ ಸೆಳೆತ ಮೀರಿ ಎದ್ದಿತು. ಆರನೇ ತಿಂಗಳಿಗೆ ಬೆರಳ ಬುಡ. ಆಗ ಅವನ ಕೈಗೆ ಸೌಟು ಕೊಟ್ಟು, ಅಗಲ ತಟ್ಟೆಯಲ್ಲಿ ನೀರು ಹಾಕಿ ಸುತ್ತು ಹೊಡೆಸಿದೆವು. ಆಮೇಲೆ ನೀರಿಗೆ ಬದಲು ಹಿಟ್ಟು. ವ್ಯಾಯಾಮದ ರಬ್ಬರ್ ಪಟ್ಟಿಗಿಂತ ಇದರಲ್ಲೇ ಅವನಿಗೆ ಆಸಕ್ತಿ ಜಾಸ್ತಿ.

ಏಳನೇ ತಿಂಗಳು ಕಾವಲಿ ಮುಂದೆ ನಿಂತ. ಮೊದಲ 40 ದೋಸೆ ಚೆನ್ನಾಗಿ ಬರುತ್ತವಂತೆ, ಆಮೇಲೆ ಮಣಿಕಟ್ಟು ಸೋಲುತ್ತದೆ. ಆಗ ಹುಯ್ಯುವುದು ಇವನು, ಮಗುಚುವುದು ಸಿಲಿಂಡರ್ ಗೆಳೆಯ.

ಎಂಟನೇ ತಿಂಗಳ ಫೈಲಿನಲ್ಲಿ ಇರುವುದು ಇಷ್ಟು. ಮೂಳೆ: 15 ಡಿಗ್ರಿ ಬಾಗಿ ಗಟ್ಟಿಯಾಗಿ ಕೂಡಿದೆ, ಅಂಗಿ ಹಾಕಿದರೆ ಕಾಣುವುದಿಲ್ಲ. ಮಣಿಕಟ್ಟು: ಪೂರ್ತಿ ಬಲ ಐದಾದರೆ ನಾಲ್ಕು. ಬೆರಳು: ನಾಲ್ಕು. ಹೆಬ್ಬೆರಳು ಹಿಂದಕ್ಕೆ ಎತ್ತುವುದು: ಮೂರು, ಇನ್ನೂ ಬರುತ್ತಿದೆ. ಮುಂದಿನ ಭೇಟಿ ಆರು ವಾರಕ್ಕೆ, ಬೆಳಗಿನ ರಶ್ ಮುಗಿದ ಮೇಲೆ.